ಉಗಿಯಂತ್ರದಿಂದ ಮೋಟಾರಿಗೆ

ಶಿವನಸಮುದ್ರದಲ್ಲಿ ಕಾವೇರಿಯು ಧುಮುಕುವುದನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. 1902ರಲ್ಲಿ ಆ ನೀರಿನ ಶಕ್ತಿಯು ವಿದ್ಯುತ್ತಿನ ರೂಪವನ್ನು ತಾಳಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಅದುವರೆಗೆ ಅಲ್ಲಿ ಅದಿರನ್ನು ಆಳದಿಂದ ಮೇಲೆತ್ತುವುದಕ್ಕೂ ಕುಟ್ಟಿ ಪುಡಿಮಾಡುವುದಕ್ಕೂ ಉಗಿಯಂತ್ರಗಳನ್ನೇ ನೆಚ್ಚಬೇಕಾಗಿದ್ದಿತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ದೂರದಿಂದ ತರಿಸಿದ ಇಂಧನಕ್ಕೆ ಬೆಲೆ ಹೆಚ್ಚು. ವೆಚ್ಚವನ್ನು ತಗ್ಗಿಸಲು ಮಾಡಿದ ಈ ಏರ್ಪಾಡು ಹೊಗೆಯನ್ನೂ ತಗ್ಗಿಸಿತು. ಹಾಗಾದರೆ ಉಗಿಯಂತ್ರವನ್ನು ತೆಗೆದು ಮೋಟಾರನ್ನು ಹೂಡಿದಲ್ಲೆಲ್ಲ ಇದೇ ಫಲ ದೊರೆಯುವುದೇ? ನಾವು ಲೆಕ್ಕ ಹಾಕಿ ನೋಡೋಣ.

ಉಗಿಯ ಉಷ್ಣವೆಲ್ಲವೂ ಕೆಲಸವಾಗಿ ಮಾರ್ಪಡಲಾರದು. ಅದಕ್ಕೊಂದು ಮಿತಿಯುಂಟೆಂಬುದನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ತೋರಿಸಿದನು. ಉಗಿಯು 180 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಳಹೊಕ್ಕು 100 ಡಿಗ್ರಿಯಲ್ಲಿ ಹೊರಬೀಳುವುದೆನ್ನೋಣ. ಕೆಲ್ವಿನ್ ಮಾನದಲ್ಲಿ ಇವು 453 ಮತ್ತು 373. ಇವೆರಡರ ಅಂತರವಾದ 80ನ್ನು 453ರಿಂದ ಭಾಗಿಸಿದರೆ, ನೂರರಲ್ಲಿ 18 ಪಾಲು ಸಹ ಪೂರ್ಣವಾಗಿ ದಕ್ಕದು. ಬಾಯ್ಲರಿನ ನಷ್ಟವನ್ನೂ ಘರ್ಷಣೆಯನ್ನೂ ಕಳೆದರೆ, ಇಂತಹ ಹಳೆಯ ಯಂತ್ರದಲ್ಲಿ ಉಳಿಯುವುದು 10 ಅಥವಾ ಅದಕ್ಕಿಂತ ಕಡಿಮೆ. ಮೇಲಾಗಿ, ಕೆಲಸವಿಲ್ಲದ ಹೊತ್ತಿನಲ್ಲಿಯೂ ಬಾಯ್ಲರಿನ ಬೆಂಕಿಯನ್ನು ಆರಗೊಡುವಂತಿಲ್ಲ. ಮೋಟಾರಾದರೋ ಬೇಕಾದಾಗ ತಿರುಗಿ, ಬೇಡವಾದಾಗ ನಿಲ್ಲುವುದು.

ದೊಡ್ಡ ಮೋಟಾರು ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲನ್ನು ಕೆಲಸವಾಗಿಸಬಲ್ಲದು. ಅದಕ್ಕೆ ಹೊಗೆಯೂ ಇಲ್ಲ. ಆದರೆ ಆ ವಿದ್ಯುತ್ತು ಎಲ್ಲಿಂದ ಬಂದಿತು? ಕಲ್ಲಿದ್ದಲಿನ ವಿದ್ಯುದಾಗಾರವು ಇಂಧನದ 100 ಪಾಲು ಉಷ್ಣದಿಂದ ಸುಮಾರು 35 ಪಾಲು ವಿದ್ಯುತ್ತನ್ನು ಕೊಡುವುದೆನ್ನೋಣ. ತಂತಿಗಳಲ್ಲಿ ಹತ್ತನೆಯ ಒಂದು ಪಾಲು, ಮೋಟಾರಿನಲ್ಲಿ ಮತ್ತೆ ಹತ್ತನೆಯ ಒಂದು ಪಾಲು ನಷ್ಟವಾದರೆ, ಕೊನೆಗೆ 28 ಉಳಿಯುವುದು. ಹಳೆಯ ಯಂತ್ರದ 10ಕ್ಕೆ ಹೋಲಿಸಿದರೆ, ಅದೇ ಕೆಲಸಕ್ಕೆ ಸುಮಾರು ಮೂರನೆಯ ಒಂದು ಪಾಲು ಕಲ್ಲಿದ್ದಲು ಸಾಕು.

ಇದು ಲಾಭವೇ ಸರಿ. ಆದರೆ ಹೊಗೆಯು ಅಳಿದುಹೋಗಲಿಲ್ಲ, ಕಡಿಮೆಯಾಗಿ ಬೇರೊಂದು ಊರಿಗೆ ಸರಿಯಿತು. ಒಂದು ಕಿಲೋಗ್ರಾಂ ಇಂಗಾಲವು ಎಲ್ಲಿ ಉರಿದರೂ ಸುಮಾರು 3.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುವುದು. ಭೂಮಿಯನ್ನು ಬಿಸಿಯೇರಿಸುವ ಆ ಅನಿಲಕ್ಕೆ ಊರುಗಳ ಎಲ್ಲೆಯಿಲ್ಲ. ನೀರು, ಗಾಳಿ, ಬಿಸಿಲುಗಳಿಂದ ಪಡೆದ ವಿದ್ಯುತ್ತಿಗಾದರೆ ಇಂಧನವನ್ನು ಉರಿಸಬೇಕಾಗಿಯೇ ಇಲ್ಲ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ಕಲಿಸಿದ ಪಾಠವು ಮಾತ್ರ ಉಳಿದಿದೆ: ಹೊಗೆಯಿಲ್ಲದ ಯಂತ್ರವನ್ನು ಕಂಡಾಗ, ಅದರ ತಂತಿಯ ಮತ್ತೊಂದು ತುದಿಯಲ್ಲಿ ಏನಿದೆಯೆಂದು ನಾವು ವಿಚಾರಿಸಬೇಕು.