ವೇಧಶಾಲೆಯೂ ಅದರ ಪೋಷಕರೂ

ಮನುಷ್ಯನು ಅಭ್ಯಾಸ ಮಾಡಿದ ಶಾಸ್ತ್ರಗಳಲ್ಲಿ ಖಗೋಲಶಾಸ್ತ್ರವು ಅತಿ ಪುರಾತನವಾದವುಗಳಲ್ಲೊಂದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತನಿಗೆ ನಕ್ಷತ್ರಗಳು ಅಪರಿಚಿತವಲ್ಲ. ಅವನು ಮಳೆಗಳನ್ನೇ ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿನಿಂದ ಕರೆಯುವನು. ಸೂರ್ಯನು ಒಂದೊಂದು ನಕ್ಷತ್ರದ ಭಾಗವನ್ನು ದಾಟಲು ತಕ್ಕೊಳ್ಳುವ ಹದಿಮೂರು ಹದಿನಾಲ್ಕು ದಿವಸಗಳೇ ಆ ಮಳೆಯ ಅವಧಿಯಾಗಿರುವವು. ಆದರೂ ರೋಹಿಣಿ ಮಳೆಯ ದಾರಿ ಕಾಯುವ ನಮ್ಮ ಮನೆಗಳಲ್ಲಿ, ಆಕಾಶದಲ್ಲಿ ರೋಹಿಣಿ ಯಾವದೆಂದು ಬೆರಳು ಮಾಡಿ ತೋರಿಸಬಲ್ಲವರು ವಿರಳ. ವೇಧಶಾಲೆಯೊಂದನ್ನು ಕಣ್ಣಾರೆ ಕಂಡವರು ಇನ್ನೂ ವಿರಳ. ಆದಕಾರಣ ವೇಧಶಾಲೆಗಳು ತಮ್ಮ ಪೋಷಕರಿಗೋಸ್ಕರ ಏರ್ಪಡಿಸುವ ಉಪನ್ಯಾಸಗಳೂ ಸಂದರ್ಶನಗಳೂ ಎಂಥವು, ಅವುಗಳಿಗೂ ನಮಗೂ ಏನು ಸಂಬಂಧ ಎಂಬದನ್ನು ಈ ಸಂಚಿಕೆಯ ವಾಚಕರಿಗೆ ತಿಳಿಸಲು ಯತ್ನಿಸುವೆವು.

ವೇಧಶಾಲೆಯು ಸ್ವತಃ ಒಂದು ಕಾಸನ್ನೂ ಗಳಿಸುವದಿಲ್ಲ. ಅದರ ಯಂತ್ರಗಳಿಗೂ ಕೆಲಸಗಾರರಿಗೂ ಬೇಕಾದ ಹಣವನ್ನು ಬೇರೆಯವರು ಕೊಡಬೇಕಾಗುವದು. ಅಮೇರಿಕದ ಜೇಮ್ಸ್ ಲಿಕ್ ಎಂಬ ಧನವಂತನು ಏಳು ಲಕ್ಷ ಡಾಲರುಗಳನ್ನು ಈ ಕಾರ್ಯಕ್ಕೆ ಬಿಟ್ಟು ತೀರಿಕೊಂಡನು. ಅವನ ಹೆಸರಿನ ವೇಧಶಾಲೆಯು 1888ರಲ್ಲಿ ಕೆಲಸಕ್ಕೆ ತೊಡಗಿತು. ಅವನ ದೇಹವು ಆ ದೊಡ್ಡ ದೂರದರ್ಶಕದ ಬುಡದಲ್ಲಿಯೇ ಹೂಳಲ್ಪಟ್ಟಿರುವದು. ಶನಿವಾರದ ರಾತ್ರಿ ಯಾರಾದರೂ ಬಂದು ಆಕಾಶವನ್ನು ನೋಡಬಹುದೆಂಬ ಪದ್ಧತಿಯು ಅಲ್ಲಿ ಮೊದಲಿನಿಂದಲೇ ಇತ್ತು. ಅದರ ಮಿತ್ರರ ಸಂಘವೊಂದು ಏರ್ಪಟ್ಟು, ಸದಸ್ಯರಿಗೆ ಉಪನ್ಯಾಸಗಳೂ ಸಂದರ್ಶನಗಳೂ ನಡೆಯುತ್ತ ಬಂದಿರುವವು.

ನಮಗೆ ಹತ್ತಿರದ ದೃಷ್ಟಾಂತವು ಹೈದರಾಬಾದಿನದು. ನವಾಬ ಜಫರ್ ಜಂಗ್ ಎಂಬವರು ತಮ್ಮ ಸ್ವಂತ ಹಣದಿಂದ 15 ಅಂಗುಲದ ದೂರದರ್ಶಕವನ್ನು ತರಿಸಿ, 1901ರಲ್ಲಿ ಅಲ್ಲಿ ವೇಧಶಾಲೆಯನ್ನು ಸ್ಥಾಪಿಸಿದರು. ಅವರು 1907ರಲ್ಲಿ ತೀರಿಕೊಂಡ ತರುವಾಯ ಅದು ನಿಜಾಮಿಯಾ ವೇಧಶಾಲೆಯೆಂದು ಸರಕಾರದ ಕೈಸೇರಿತು. ಸಕಲ ಆಕಾಶದ ನಕ್ಷತ್ರಪಟವನ್ನು ಸಿದ್ಧಪಡಿಸುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಅದಕ್ಕೂ ಒಂದು ಪಾಲು ಬಂದು, ಏಳು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ಸ್ಥಾನಗಳು ಅಲ್ಲಿ ಅಳೆಯಲ್ಪಟ್ಟವು. ಆಗ್ಗೆ ನಮ್ಮ ನಾಲ್ಕು ತಾಲ್ಲೂಕುಗಳೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ನಮ್ಮ ಎರೆಭೂಮಿಯಲ್ಲಿ ಜೋಳ ಬಿತ್ತಿದ ಅಜ್ಜಂದಿರು ತಮಗೆ ಅರಿವಿಲ್ಲದೆಯೇ ಆ ನಕ್ಷತ್ರಪಟದ ಪೋಷಕರಾಗಿದ್ದರು. ಅದೇ ಪಟಕ್ಕಾಗಿ ರೋಮಿನ ವ್ಯಾಟಿಕನ್ ವೇಧಶಾಲೆಯಲ್ಲಿ 1910ರಿಂದ 1921ರ ವರೆಗೆ ನಾಲ್ಕು ಮಂದಿ ಕ್ರೈಸ್ತ ಸನ್ಯಾಸಿನಿಯರು ಕೂತು, 4,81,215 ನಕ್ಷತ್ರಗಳ ಸ್ಥಾನಗಳನ್ನು ಅಳೆದರೆಂಬದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡತಕ್ಕದ್ದು.

"ನಕ್ಷತ್ರಗಳನ್ನು ನೋಡಿದರೆ ಹೊಟ್ಟೆ ತುಂಬುವದೋ?" ಎಂದು ಕೇಳುವವರು ಉಂಟು. ಆ ಪ್ರಶ್ನೆಯನ್ನು ನಾವು ಹಗುರಾಗಿ ಎಣಿಸುವದಿಲ್ಲ. 1876ರಿಂದ 1878ರ ವರೆಗಿನ ಘೋರ ಕ್ಷಾಮವು ದಕ್ಷಿಣ ದೇಶವನ್ನು ಹಾಳುಗೆಡವಿದಾಗ, ಮಳೆ ಯಾಕೆ ತಪ್ಪಿತು, ಅದಕ್ಕೂ ಸೂರ್ಯನಿಗೂ ಸಂಬಂಧವಿದೆಯೋ ಎಂಬ ವಿಚಾರಣೆಯು ಹುಟ್ಟಿತು. ಆ ವಿಚಾರಣೆಯ ಫಲಗಳಲ್ಲಿ ಕೊಡೈಕನಾಲಿನ ಸೌರ ವೇಧಶಾಲೆಯು ಒಂದು. 1901ರಿಂದ ಅಲ್ಲಿ ಕ್ರಮವಾದ ಕೆಲಸವು ನಡೆದಿರುವದು. ಸೂರ್ಯನ ಕಲೆಗಳಿಂದ ಮಳೆಯನ್ನು ಮುಂದಾಗಿ ತಿಳಿಯುವ ಆಸೆಯು ಕೈಗೂಡಲಿಲ್ಲ. ಆದರೆ ನೂರು ವರ್ಷಗಳಿಗೂ ಮಿಕ್ಕಿ ಅಲ್ಲಿ ತೆಗೆಯಲ್ಪಟ್ಟ ಸೂರ್ಯನ ಚಿತ್ರಗಳು ಇಂದು ಜಗತ್ತಿನ ಶಾಸ್ತ್ರಜ್ಞರಿಗೆ ದೊಡ್ಡ ನಿಧಿಯಾಗಿರುವವು. 1909ರಲ್ಲಿ ಜಾನ್ ಎವರ್‌ಶೆಡ್ ಎಂಬವರು ಸೂರ್ಯಕಲೆಯೊಳಗಿನ ಅನಿಲವು ನಡುವಿನಿಂದ ಹೊರಕ್ಕೆ ಹರಿಯುವದೆಂದು ಅಲ್ಲಿಯೇ ಕಂಡುಹಿಡಿದರು. ಅವರ ಪತ್ನಿ ಮೇರಿಯವರೂ ಖಗೋಲ ವಿದುಷಿಯಾಗಿದ್ದು, ಅಲ್ಲಿ ತಾವೇ ಸಂಶೋಧನೆ ಮಾಡಿದರು.

ಇನ್ನು ಸಂದರ್ಶನವೆಂದರೇನು? ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರು ಎಂಬ ಸ್ಥಳವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಣು ಬಾಪು ವೇಧಶಾಲೆಯು ಅಲ್ಲಿರುವದು. ವೇಣು ಬಾಪು ಅವರು ಹೈದರಾಬಾದಿನಲ್ಲಿ ಬೆಳೆದವರು. ಅವರ ತಂದೆ ನಿಜಾಮಿಯಾ ವೇಧಶಾಲೆಯ ಕೆಲಸಗಾರರಾಗಿದ್ದರು. 1986ರಲ್ಲಿ ಅಲ್ಲಿ ಸಮರ್ಪಿತವಾದ ದೊಡ್ಡ ದೂರದರ್ಶಕದ ಕನ್ನಡಿಯು 2.34 ಮೀಟರ್ ಅಗಲವುಳ್ಳದ್ದು. ಹೆಚ್ಚುಕಡಿಮೆ ನಮ್ಮ ಒಂದು ಕೋಣೆಯ ಬಾಗಿಲಿನ ಎತ್ತರವನ್ನು ಮೀರುವಷ್ಟು. ಗಾಜಿನ ಮೇಲೆ ಅಲ್ಯೂಮಿನಿಯಮಿನ ಅತಿ ತೆಳುವಾದ ಲೇಪವಿದ್ದು, ಅದು ಮಾಸಿದಂತೆ ಮತ್ತೆ ಹಚ್ಚಲ್ಪಡುವದು. ಸಂದರ್ಶಕರು ಹಗಲಿನಲ್ಲಿ ಇದನ್ನೂ, ತಿರುಗುವ ಗುಮ್ಮಟವನ್ನೂ, ಅದರ ಸೀಳುಬಾಗಿಲನ್ನೂ ನೋಡುವರು. ರಾತ್ರಿಯಲ್ಲಿ ದೊಡ್ಡ ಯಂತ್ರವು ಸಂಶೋಧನೆಗೆ ಮೀಸಲು. ಅದಕ್ಕೆ ಕಣ್ಣಿಟ್ಟು ಯಾರೂ ನೋಡುವದಿಲ್ಲ. ಶಾಸ್ತ್ರಜ್ಞರು ಬೇರೆ ಕೋಣೆಯಲ್ಲಿ ಕೂತು, ಅದು ಹಿಡಿದ ಬೆಳಕಿನ ಚಿತ್ರವನ್ನು ಪರದೆಯ ಮೇಲೆ ಕಾಣುವರು. ಸಂದರ್ಶಕರಿಗೋಸ್ಕರ ಸಣ್ಣ ದೂರದರ್ಶಕವಿರುವದು. ಬಿಳಿಯ ದೀಪವನ್ನು ಹಚ್ಚಗೊಡರು. ಯಾಕಂದರೆ ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ತಾಸಿನಷ್ಟು ಹೊತ್ತು ಬೇಕು, ಅದನ್ನು ಕೆಡಿಸಲು ಒಂದು ಕ್ಷಣ ಸಾಕು.

ಉಪನ್ಯಾಸದ ಅವಶ್ಯವು ಇಲ್ಲಿಯೇ ತೋರುವದು. ಏನೂ ಅರಿಯದೆ ನೋಡುವವಳಿಗೆ ರೋಹಿಣಿಯು ಕೆಂಪು ಛಾಯೆಯ ಒಂದು ಚಿಕ್ಕಿ ಮಾತ್ರ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 65 ವರ್ಷಗಳಾದವೆಂದೂ, ತನ್ನ ಅಜ್ಜಿಯು ಬಾಲಿಕೆಯಾಗಿದ್ದಾಗ ಹೊರಟದ್ದು ಈಗ ತನ್ನ ಕಣ್ಣನ್ನು ಮುಟ್ಟಿತೆಂದೂ ಕೇಳಿದವಳು ಅದೇ ಚಿಕ್ಕಿಯನ್ನು ಬೇರೆ ರೀತಿಯಿಂದ ನೋಡುವಳು.

ಈ ತಿಳುವಳಿಕೆಯು ಜನರನ್ನು ಮುಟ್ಟದಿದ್ದರೆ ಆಗುವ ನಷ್ಟವೆಷ್ಟೆಂಬದಕ್ಕೆ 1980ನೆಯ ಇಸವಿಯೇ ಸಾಕ್ಷಿ. ಆ ವರ್ಷ ಫೆಬ್ರುವರಿ 16ರ ಮಧ್ಯಾಹ್ನದ ಮೇಲೆ ಚಂದ್ರನ ಪೂರ್ಣ ನೆರಳು ಅಂಕೋಲೆಯ ಕಡಲತೀರದಿಂದ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ನಮ್ಮ ನಾಲ್ಕು ತಾಲ್ಲೂಕುಗಳೂ ಆ ನೆರಳಿನ ದಾರಿಯಲ್ಲಿದ್ದವು. ಎರಡು ನಿಮಿಷಗಳಿಗೂ ಮಿಕ್ಕಿ ಸೂರ್ಯನು ಸಂಪೂರ್ಣ ಮರೆಯಾಗಿ, ಅವನ ಸುತ್ತಲಿನ ಮುತ್ತಿನಂಥ ಪ್ರಭಾವಲಯವು ಪ್ರಕಟವಾಗುವ ಸಮಯವದು. ಅದಕ್ಕೋಸ್ಕರ ಶಾಸ್ತ್ರಜ್ಞರು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲಿಯೂ, ಗಂಗಾವತಿಯ ನೆರೆಯ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿಯೂ ಯಂತ್ರಗಳನ್ನು ಹೂಡಿ ಕೂತಿದ್ದರು. ಆದರೆ ದೇಶದ ಅನೇಕ ಊರುಗಳಲ್ಲಿ ಜನರು ಬಾಗಿಲು ಹಾಕಿಕೊಂಡು ಒಳಗಿದ್ದರು, ಬೀದಿಗಳು ಬರಿದಾಗಿದ್ದವು. ದೂರದೇಶದವರು ಸಮುದ್ರ ದಾಟಿ ನೋಡಬಂದದ್ದು ತಮ್ಮ ಅಂಗಳದ ಮೇಲೆಯೇ ಹಾಯುತ್ತಿದ್ದಾಗ, ಎಷ್ಟೋ ತಾಯಂದಿರೂ ಮಕ್ಕಳೂ ಅದನ್ನು ಕಾಣಲಿಲ್ಲ.

ಬರಿಗಣ್ಣಿನಿಂದ ಸೂರ್ಯನನ್ನು ನೋಡುವದು ಅಪಾಯವೆಂಬದು ನಿಜ. ಆದರೆ ಅಪಾಯವನ್ನರಿತು ಉಪಾಯದಿಂದ ನೋಡುವದು ಬೇರೆ, ಹೆದರಿ ಅಡಗುವದು ಬೇರೆ. 2031ರ ಮೇ 21ರಂದು ಕೇರಳ ತಮಿಳುನಾಡುಗಳಲ್ಲಿ ಕಂಕಣ ಗ್ರಹಣವಾಗುವದು; ನಮ್ಮಲ್ಲಿ ಅದು ಖಂಡಗ್ರಾಸವಾಗಿ ತೋರುವದು. ಆಗ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಕಾಳು ಸಾಣಿಸುವ ಜರಡಿಯನ್ನು ಬಿಸಿಲಿಗೆ ಹಿಡಿದರೆ, ಅದರ ಒಂದೊಂದು ತೂತಿನಿಂದಲೂ ಒಂದೊಂದು ಕತ್ತರಿಸಿದ ಸೂರ್ಯನು ನೆಲದ ಮೇಲೆ ಬೀಳುವನು. ಇದಕ್ಕೆ ಕಾಸಿನ ಖರ್ಚಿಲ್ಲ, ಕಣ್ಣಿಗೆ ಕೇಡಿಲ್ಲ.

ಈಗಿನ ಕಾಲದಲ್ಲಿ ಪೋಷಕರೆಂದರೆ ನವಾಬರಲ್ಲ, ತೆರಿಗೆ ಕೊಡುವ ಸಮಸ್ತ ಪ್ರಜೆಗಳು. 2023ರ ಸೆಪ್ಟೆಂಬರ್ 2ರಂದು ಹಾರಿಸಲ್ಪಟ್ಟ ಆದಿತ್ಯ ನೌಕೆಯಲ್ಲಿ ಸೂರ್ಯನ ಪ್ರಭಾವಲಯವನ್ನು ಗ್ರಹಣವಿಲ್ಲದೆಯೇ ನೋಡುವ ಯಂತ್ರವು ನಮ್ಮ ಕರ್ನಾಟಕದ ಹೊಸಕೋಟೆಯಲ್ಲಿ ಸಿದ್ಧವಾಯಿತು. ಅದರಲ್ಲಿ ಕುಷ್ಟಗಿಯ ಅಂಗಡಿಯವನ ಪಾಲೂ ಉಂಟು, ಯಲಬುರ್ಗಾದ ಕೂಲಿಯವಳ ಪಾಲೂ ಉಂಟು. ಆದಕಾರಣ ಉಪನ್ಯಾಸಗಳನ್ನೂ ಸಂದರ್ಶನಗಳನ್ನೂ ವೇಧಶಾಲೆಯ ಉಪಕಾರವೆಂದು ಎಣಿಸಬಾರದು. ಅವು ಪೋಷಕರಿಗೆ ಒಪ್ಪಿಸತಕ್ಕ ಲೆಕ್ಕ. ಲೆಕ್ಕ ಕೇಳುವವರು ಹೋಗದಿದ್ದರೆ ಒಪ್ಪಿಸುವವರು ಯಾರಿಗೆ ಒಪ್ಪಿಸಬೇಕು?

ಪಾಲಕರಲ್ಲಿ ನಮ್ಮ ವಿಜ್ಞಾಪನೆಯು ಇದೇ. ನಕ್ಷತ್ರಗಳು ರಾತ್ರಿಯಲ್ಲಿ ಮಾತ್ರ ಕಾಣುವವು. ರಾತ್ರಿಯೆಂಬ ಒಂದೇ ಕಾರಣದಿಂದ ಗಂಡುಮಕ್ಕಳನ್ನು ಕಳುಹಿಸಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ. ಬೇಕಾದರೆ ತಾಯಂದಿರೂ ಜೊತೆಯಲ್ಲಿ ಬರಲಿ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ವೇಧಶಾಲೆಯ ಸುತ್ತಲಿನ ಹಳ್ಳಿಗಳವರಿಗೆ ಶಿಕ್ಷಣವನ್ನೂ ದೂರದರ್ಶಕಗಳನ್ನೂ ಕೊಟ್ಟು, ಬಂದ ಪ್ರವಾಸಿಗಳಿಗೆ ಆಕಾಶವನ್ನು ತೋರಿಸುವ ಕೆಲಸವನ್ನು ವಹಿಸಿರುವರು. ಅವರಲ್ಲಿ ಹೆಚ್ಚಿನವರು ಸ್ತ್ರೀಯರೇ. ಅವರು ಮಾಡುವದನ್ನು ನಮ್ಮ ಬಾಲಿಕೆಯರು ಮಾಡಲಾರರೆಂದು ನಾವು ನಂಬುವದಿಲ್ಲ. ದೊಡ್ಡ ಯಂತ್ರಕ್ಕಾಗಿ ಕಾಯಬೇಕಾದದ್ದೂ ಇಲ್ಲ. ಮಾಗಿಯ ರಾತ್ರಿ ಮಾಳಿಗೆಯನ್ನೇರಿ, ದೀಪವಾರಿಸಿ, ಮಗಳು ತಾಯಿಗೆ ರೋಹಿಣಿಯನ್ನು ಬೆರಳು ಮಾಡಿ ತೋರಿಸಲಿ. ವೇಧಶಾಲೆಯ ಬಾಗಿಲಿಗೆ ಹೋಗುವ ದಾರಿಯು ಅಲ್ಲಿಂದಲೇ ಆರಂಭವಾಗುವದು.