ಹೆಸರಿನ ಕೆಳಗೆ ಊರು: ಓದುಗರ ಪತ್ರ ಬೆಳೆಸಿದ ನಂಟು

ಪತ್ರಿಕೆಯಲ್ಲಿ ಬಂದ ಬರಹಕ್ಕೆ ಓದುಗ ಬರೆಯುವ ಪತ್ರದಿಂದ ಎರಡು ಕೆಲಸ ಆಗುತ್ತದೆ. ಲೇಖಕನಿಗೆ ಉತ್ತರ ಮುಟ್ಟುತ್ತದೆ, ಜೊತೆಗೆ ಪತ್ರ ಬರೆದವನ ಪರಿಚಯ ನಾಲ್ಕು ಜನಕ್ಕೆ ಆಗುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರ ಮಟ್ಟಿಗೆ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಕಡಿಮೆಯದೇನಲ್ಲ. ಊರು ಬಿಟ್ಟು ಬಂದು ದೂರದೂರದ ಚಾಳು, ಸೊಸೈಟಿಗಳಲ್ಲಿ ನೆಲೆಸಿದವರಿಗೆ ಒಬ್ಬರನ್ನೊಬ್ಬರು ಕಂಡುಕೊಳ್ಳಲು ಸಿಕ್ಕ ದಾರಿಗಳಲ್ಲಿ ಇದೂ ಒಂದು, ಅದೂ ಖರ್ಚಿಲ್ಲದ ದಾರಿ.

ಪತ್ರದ ಮೂಲಕ ಹೆಸರು ಗಳಿಸುವುದು ಮುಂಬಯಿಗೆ ಹೊಸದಲ್ಲ. 1848ರಲ್ಲಿ ಭಾವೂ ಮಹಾಜನರ ‘ಪ್ರಭಾಕರ’ ಎಂಬ ಮರಾಠಿ ವಾರಪತ್ರಿಕೆಗೆ ಗೋಪಾಳ ಹರಿ ದೇಶಮುಖರು ಪತ್ರಗಳನ್ನು ಬರೆಯತೊಡಗಿದರು. ಸಮಾಜದ ಕುಂದುಕೊರತೆಗಳನ್ನು ನೇರ ಮಾತಿನಲ್ಲಿ ಹೇಳಿದ ಆ ಪತ್ರಗಳ ಸಂಖ್ಯೆ 108ಕ್ಕೆ ಏರಿತು. ಅವಕ್ಕೆ ಹಾಕಿಕೊಂಡ ‘ಲೋಕಹಿತವಾದಿ’ ಎಂಬ ಅಂಕಿತವೇ ಕೊನೆಗೆ ಅವರ ಹೆಸರಾಗಿ ನಿಂತಿತು. ಅದಕ್ಕೆ ಐದು ವರ್ಷ ಮುಂಚೆ, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದರು. ಆ ಕಾಲದ ಅಚ್ಚು, ಬರವಣಿಗೆಗಳ ಚರಿತ್ರೆಯನ್ನು ‘ಹೊಸಗನ್ನಡದ ಅರುಣೋದಯ’ದಲ್ಲಿ ಕಟ್ಟಿಕೊಟ್ಟ ಶ್ರೀನಿವಾಸ ಹಾವನೂರರೂ ಮುಂಬಯಿಯಲ್ಲೇ ದುಡಿದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಪತ್ರ ಬರೆಯುವ ರೂಢಿಯನ್ನು ಸಾಮಾನ್ಯರ ಕೈಗೆ ಕೊಟ್ಟದ್ದು ಅಂಚೆ ಕಾರ್ಡು. 1879ರ ಜುಲೈ 1ರಂದು ಕಾಲಾಣೆಗೆ ಮಾರಾಟಕ್ಕೆ ಬಂದ ಈ ಕಾರ್ಡು ಸ್ವಾತಂತ್ರ್ಯಾನಂತರವೂ ಬಹುಕಾಲ ಬಡವನ ಕೈಗೆಟಕುವ ದರದಲ್ಲೇ ಉಳಿಯಿತು. 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಕಾರ್ಡಿನ ಒಂದು ಮೈಯಲ್ಲಿ ಅರ್ಧ ಭಾಗ ವಿಳಾಸಕ್ಕೇ ಹೋಗುತ್ತದೆ. ಉಳಿದ ಜಾಗದಲ್ಲಿ ಪೀಠಿಕೆಗೆ ಎಡೆಯಿಲ್ಲ. ಯಾವ ಸಂಚಿಕೆ, ಯಾವ ಲೇಖನ, ಅದಕ್ಕೆ ತಾನು ಸೇರಿಸುವುದೇನು ಎಂಬಷ್ಟನ್ನೇ ಹೇಳಿ ರುಜು ಹಾಕಬೇಕು. ಪುಟ ತುಂಬ ಬರೆಯುವ ಚಪಲವನ್ನು ಸಂಪಾದಕರಿಗಿಂತ ಮೊದಲು ಕಾರ್ಡೇ ಕತ್ತರಿಸುತ್ತಿತ್ತು.

ಕನ್ನಡಿಗರು ಮುಂಬಯಿಯಲ್ಲಿ ಮೊದಲು ನೆಲೆಯೂರಿದ್ದು ಫೋರ್ಟ್, ಮಾಟುಂಗ, ದಾದರ್, ಮಾಹಿಮ್ ಕಡೆ. ಮೈಸೂರು ಎಸೋಸಿಯೇಶನ್ ಮಾಟುಂಗದಲ್ಲಿ, ಕರ್ನಾಟಕ ಸಂಘ ಮಾಹಿಮ್‌ನಲ್ಲಿ ಇರುವುದು ಅದರಿಂದಲೇ. ಮನೆ ಬಾಡಿಗೆ, ಪಗಡಿ ಏರುತ್ತ ಹೋದಂತೆ ಸಂಸಾರಸ್ಥರು ಮಧ್ಯ ರೈಲ್ವೆಯ ಹಳಿ ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣದತ್ತ ಸರಿದರು. 1970ರಲ್ಲಿ ಸ್ಥಾಪನೆಯಾದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಖಾಡಿಯಾಚೆ ನವಿಮುಂಬಯಿಯನ್ನು ಕಟ್ಟಿತು. 1992ರಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಓಡತೊಡಗಿದ ಮೇಲೆ ಅಲ್ಲಿಗೂ ಜನ ಹರಿದರು. ಬೆಳಿಗ್ಗೆ ಫಾಸ್ಟ್ ಲೋಕಲ್, ರಾತ್ರಿ ಮನೆ. ಇದರ ನಡುವೆ ಮಾಟುಂಗದ ಸಭೆಗೆ ಹೋಗಿ ಬರುವುದೆಂದರೆ ಒಂದು ರಜೆಯ ಪೂರ್ತಿ ಕೆಲಸ. ಹಾಗಾಗಿ ಉಪನಗರಗಳಲ್ಲೇ ಸಂಘಗಳು ಹುಟ್ಟಿದವು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುವಷ್ಟು ಬೆಳೆಯಿತು. ಕಲ್ಯಾಣ, ಥಾಣೆ, ವಾಶಿಯಲ್ಲೂ ಕನ್ನಡ ಸಂಘಗಳು ತಲೆಯೆತ್ತಿದವು. ಹೀಗೆ ಹರಡಿಕೊಂಡವರ ನಡುವೆ ಮಾತು ನಡೆದದ್ದು ಅಚ್ಚಿನಲ್ಲಿ.

ಆ ಅಚ್ಚಿನ ಅಂಗಳ ಸಣ್ಣದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’, ಮೈಸೂರು ಎಸೋಸಿಯೇಶನ್ನಿನ ‘ನೇಸರು’, ಕರ್ನಾಟಕ ಸಂಘದ ‘ಸ್ನೇಹಸಂಬಂಧ’, ಬಿಲ್ಲವರ ಎಸೋಸಿಯೇಶನ್ನಿನ ‘ಅಕ್ಷಯ’, ಬಂಟರ ಸಂಘದ ‘ಬಂಟರವಾಣಿ’ ಇವೆಲ್ಲ ಸದಸ್ಯರ ಮನೆಗೆ ಅಂಚೆಯಲ್ಲಿ ಹೋಗುವ ಮಾಸಿಕಗಳು. ದಿನಪತ್ರಿಕೆಗಳಲ್ಲಿ ಉದಯವಾಣಿ ಮುಂಬಯಿ ಆವೃತ್ತಿ ತಂದಿತು. ‘ಕರ್ನಾಟಕ ಮಲ್ಲ’ವನ್ನು ಶುರುಮಾಡಿದವರು ಮುರಳೀಧರ ಶಿಂಗೋಟೆ. ಪತ್ರಿಕೆ ಮಾರುತ್ತ ಮೇಲೆ ಬಂದ ಈ ಮರಾಠಿಗರು ಮರಾಠಿ, ಹಿಂದಿಯ ಜೊತೆಗೆ ಕನ್ನಡದಲ್ಲೂ ಪತ್ರಿಕೆ ನಡೆಸಿದ್ದು ಇಲ್ಲಿನ ಕನ್ನಡ ಓದುಗರಿಗೆ ದೊಡ್ಡ ಉಪಕಾರ. ಬೆಂಗಳೂರು, ಮಣಿಪಾಲದಲ್ಲಿ ಅಚ್ಚಾದ ಪತ್ರಿಕೆ ಮುಂಬಯಿಗೆ ಬರುವಾಗ ಹಳತಾಗಿರುತ್ತಿತ್ತು, ಅದಕ್ಕೆ ಬರೆದ ಪತ್ರ ಅಚ್ಚಾಗುವಾಗ ಲೇಖನ ಮರೆತೇ ಹೋಗಿರುತ್ತಿತ್ತು. ಇಲ್ಲಿಯದೇ ಪತ್ರಿಕೆಯಾದರೆ ಚರ್ಚೆ ಬಿಸಿಯಿರುವಾಗಲೇ ಪತ್ರ ಬರೆಯಬಹುದು.

ಆದರೆ ಎಲ್ಲ ಪತ್ರವೂ ನಂಟು ಬೆಳೆಸುವುದಿಲ್ಲ. ಮಾಟುಂಗದ ಉಡುಪಿ ಹೋಟೆಲುಗಳ ಬಗ್ಗೆ ಒಂದು ಲೇಖನ ಬಂತೆನ್ನಿ. ಎ. ರಾಮ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟ, ಅಡುಗೆಮನೆಯ ಶುಚಿ ಎಲ್ಲ ಅದರಲ್ಲಿದೆ. ‘ಲೇಖನ ಬಹಳ ಚೆನ್ನಾಗಿದೆ, ನಮ್ಮ ಸಂಘದ ವಾರ್ಷಿಕೋತ್ಸವಕ್ಕೂ ಎಲ್ಲರೂ ಬನ್ನಿ’ ಎಂದು ಒಬ್ಬರು ಬರೆದರೆ ಎರಡನೆಯ ಅರ್ಧಕ್ಕೆ ಕತ್ತರಿ ಬೀಳುತ್ತದೆ, ಮೊದಲರ್ಧ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಇನ್ನೊಬ್ಬರು, ಹೋಟೆಲಿನ ಶಟರು ಎಳೆದ ಮೇಲೆ ಮಾಣಿಗಳು ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದುದನ್ನು ಬರೆದು, ಅಲ್ಲಿ ಕಲಿತು ಮ್ಯಾಟ್ರಿಕ್ ಪಾಸಾದವರು ಬ್ಯಾಂಕು, ಕಚೇರಿ ಸೇರಿದ್ದನ್ನು ಲೇಖಕರು ಬಿಟ್ಟಿದ್ದಾರೆ ಎಂದು ವಿನಯದಿಂದ ತೋರಿಸುತ್ತಾರೆ. ಆ ಪತ್ರವನ್ನು ಸಂಪಾದಕರು ಮೊದಲಿಗೇ ಹಾಕುತ್ತಾರೆ. ಲೇಖಕರು ವಿಳಾಸ ಕೇಳುತ್ತಾರೆ. ರಾತ್ರಿಶಾಲೆಯಲ್ಲಿ ಓದಿದ ಮೂರನೆಯವರು ಮುಂದಿನ ವಾರ ತಮ್ಮ ಅನುಭವ ಬರೆಯುತ್ತಾರೆ.

ಇಂಥ ಪತ್ರದಲ್ಲಿ ಬರೆದವರು ತಮ್ಮ ಬಗ್ಗೆ ಹೇಳಿಕೊಳ್ಳಲು ಸಿಗುವುದು ಕೊನೆಯ ಸಾಲು ಮಾತ್ರ: ಹೆಸರು, ಅದರ ಕೆಳಗೆ ಊರು. ‘ಡೊಂಬಿವಲಿ ಪೂರ್ವ’, ‘ಕಲ್ಯಾಣ್’, ‘ನೆರೂಲ್’ ಎಂದು ಅಚ್ಚಾದಾಗ ಅದೇ ಊರಿನ ಇನ್ನೊಬ್ಬ ಕನ್ನಡಿಗನ ಕಣ್ಣು ಅಲ್ಲಿ ನಿಲ್ಲುತ್ತದೆ. ‘ಕಾರ್ಯದರ್ಶಿ, ಕನ್ನಡ ಸಂಘ’ ಎಂದಿದ್ದರೆ ಸಂಘವೊಂದು ಇದೆಯೆಂಬ ಸುದ್ದಿಯೂ ಅದರೊಂದಿಗೆ ಹೋಗುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತನ್ನು ದಾಟಿಹೋಗುವ ಓದುಗ ಒಳ್ಳೆಯ ಪತ್ರದ ಕೆಳಗಿನ ಈ ಎರಡು ಪದಗಳನ್ನು ನಂಬುತ್ತಾನೆ, ಏಕೆಂದರೆ ಆ ಮನುಷ್ಯನ ತಿಳಿವಳಿಕೆಯನ್ನು ಆಗಷ್ಟೇ ಓದಿರುತ್ತಾನೆ. ಪುಸ್ತಕ ಬಿಡುಗಡೆಗೆ ಕರೆ, ಕವಿಗೋಷ್ಠಿಗೆ ಆಹ್ವಾನ, ಸ್ಮರಣ ಸಂಚಿಕೆಗೆ ಲೇಖನದ ಬೇಡಿಕೆ ಈ ಬಗೆಯ ಪರಿಚಯದ ಬೆನ್ನಿಗೇ ಬರುತ್ತವೆ.

ಓದುಗರು ಬರಹಗಾರರಾಗುವ ದಾರಿಯನ್ನು ಪತ್ರಿಕೆಗಳು ತೆರೆದಿಟ್ಟದ್ದಕ್ಕೆ ದೊಡ್ಡ ಉದಾಹರಣೆ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ಗೃಹಿಣಿಯಾಗಿದ್ದ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ನಾಡಿನಾದ್ಯಂತ ಓದಿಸಿಕೊಂಡಿತು. ಇನ್ನೊಂದು ತುದಿಯಲ್ಲಿ, ಹೆಸರಾದ ಲೇಖಕರೂ ಓದುಗರನ್ನು ಕಡೆಗಣಿಸಲಿಲ್ಲ. ಶಿವರಾಮ ಕಾರಂತರು ಗುರುತಿಲ್ಲದವರ ಕಾಗದಕ್ಕೂ ತಪ್ಪದೆ ಉತ್ತರ ಬರೆಯುತ್ತಿದ್ದರು. ಉತ್ತರ ಬಂದೀತೆಂಬ ಭರವಸೆ ಇದ್ದಾಗಲೇ ಓದುಗ ಪತ್ರವನ್ನು ಯೋಚಿಸಿ ಬರೆಯುತ್ತಾನೆ.

 ಮುಂದೆ ಅಂಚೆ ಕಾರ್ಡಿನ ಜಾಗಕ್ಕೆ ಇಮೇಲ್, ವಾಟ್ಸಾಪ್ ಬಂದವು. ಬರೆಯುವುದು ಸಲೀಸಾದಷ್ಟೂ ‘ತುಂಬಾ ಚೆನ್ನಾಗಿದೆ’ ಎಂಬ ಒಂದು ಸಾಲಿನ ಹೊಗಳಿಕೆ ಹೆಚ್ಚಿತು, ಲೇಖನಕ್ಕೆ ಏನನ್ನಾದರೂ ಕೂಡಿಸುವ ಪತ್ರ ಅಪರೂಪವಾಯಿತು. ಪತ್ರ ಚಿಕ್ಕದಾಗಿರಲಿ, ಪೂರ್ಣ ವಿಳಾಸವಿರಲಿ ಎಂಬ ಕಟ್ಟಳೆಯನ್ನು ಪತ್ರಿಕೆಗಳು ಮಾತ್ರ ಸಡಿಲಿಸಿಲ್ಲ. ಪೂರ್ಣ ವಿಳಾಸ ಕಚೇರಿಯಲ್ಲಿ ಉಳಿಯುತ್ತದೆ, ಅಚ್ಚಾಗುವುದು ಹೆಸರು, ಊರು ಮಾತ್ರ. ಹೊಸದಾಗಿ ಖಾರ್‌ಘರ್, ಐರೋಳಿಗೆ ಬಂದು ನೆಲೆಸಿದ ಕನ್ನಡಿಗರು ತಮ್ಮ ಬಡಾವಣೆಯ ಸಂಘವನ್ನು ಪರಿಚಯಿಸಲು ಓದುಗರ ಪತ್ರದ ಅಂಕಣಕ್ಕೆ ಬರೆಯುವುದಾದರೆ, ಹಿಂದಿನ ಸಂಚಿಕೆಯ ಲೇಖನವೊಂದನ್ನು ಪೂರ್ತಿ ಓದಿ, ಅದಕ್ಕೆ ತಮ್ಮಲ್ಲಿರುವ ಒಂದು ಮಾಹಿತಿಯನ್ನು ಸೇರಿಸಿ ಬರೆದರೆ ಸಾಕಾಗುತ್ತದೆ.