ಗಣಕಶಾಲೆಯ ಬಿಸಿಯೂ ಮನೆವಾರ್ತೆಯ ಲೆಕ್ಕವೂ

ಒಲೆಯ ಉರಿಯಲ್ಲಿ ಎಷ್ಟು ಭಾಗ ಪಾತ್ರೆಯ ತಳಕ್ಕೆ ತಗಲುತ್ತದೆ, ಎಷ್ಟು ಭಾಗ ಪಕ್ಕಕ್ಕೆ ಹಾರಿ ವ್ಯರ್ಥವಾಗುತ್ತದೆ ಎಂಬುದನ್ನು ಬಲ್ಲ ಗೃಹಿಣಿಯೇ ಸೌದೆಯ ಬೆಲೆಯನ್ನು ನಿಜವಾಗಿ ಬಲ್ಲವಳು. ಸೌದೆ ಉಳಿಯಲೆಂದು ಅವಳು ಮನೆಯವರನ್ನು ಅರೆಹೊಟ್ಟೆಯಲ್ಲಿಡುವುದಿಲ್ಲ. ಒಲೆಯ ಬಾಯನ್ನು ಕಿರಿದು ಮಾಡುತ್ತಾಳೆ, ಪಾತ್ರೆಗೆ ಮುಚ್ಚಳವನ್ನಿಡುತ್ತಾಳೆ, ಅನ್ನವನ್ನಿಳಿಸಿದ ಮೇಲೆ ಉಳಿದ ಕೆಂಡದಲ್ಲಿ ಸಾರನ್ನು ಕಾಯಿಸಿಕೊಳ್ಳುತ್ತಾಳೆ. ಈ ವಿವೇಕವೇ ಇಂದು ಲೋಕದ ಅತಿ ದೊಡ್ಡ ಯಂತ್ರಶಾಲೆಗಳಿಗೂ ಬೇಕಾಗಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆದರೆ ಸಂಗತಿ ಹಾಗೆಯೇ ಇದೆ.

ಮೊಬೈಲು ಇಲ್ಲದ ಮನೆ ಈಗ ಅಪರೂಪ. ಮದುವೆಯ ಚಿತ್ರಗಳನ್ನು ಅದರಲ್ಲಿಡುತ್ತೇವೆ. ದೂರದ ಊರಿನಲ್ಲಿರುವ ಮೊಮ್ಮಗುವಿನ ಮುಖವನ್ನು ಅದರಲ್ಲಿ ನೋಡುತ್ತೇವೆ. ತರಕಾರಿಯವನಿಗೆ ಅದರ ಮೂಲಕವೇ ಹಣವನ್ನು ಸಲ್ಲಿಸುತ್ತೇವೆ. ಈ ಚಿತ್ರಗಳೂ ಲೆಕ್ಕಗಳೂ 'ಕ್ಲೌಡ್' ಎಂಬ ಮೋಡದಲ್ಲಿರುತ್ತವೆಂದು ಮಕ್ಕಳು ಹೇಳುವುದುಂಟು. ಈ ಮೋಡವು ಆಕಾಶದಲ್ಲಿ ತೇಲುವಂಥದಲ್ಲ. ನೆಲದ ಮೇಲೆ ಭದ್ರವಾಗಿ ಕಟ್ಟಿದ ಕಟ್ಟಡವೇ ಅದು. ಅದರೊಳಗೆ ಸಾವಿರಾರು ಗಣಕಯಂತ್ರಗಳು ಕಪಾಟುಗಳಲ್ಲಿ ಒಂದರ ಮೇಲೊಂದರಂತೆ ಕುಳಿತು ಹಗಲಿರುಳೆನ್ನದೆ ದುಡಿಯುತ್ತಿರುತ್ತವೆ. ಇಂಥ ಕಟ್ಟಡವನ್ನು ಡೇಟಾ ಸೆಂಟರ್ ಎಂದು ಕರೆಯುವುದು ರೂಢಿ. ನಾವು ಈ ಲೇಖನದಲ್ಲಿ ಅದನ್ನು ಗಣಕಶಾಲೆಯೆನ್ನೋಣ. ಮುಂಬಯಿ, ಚೆನ್ನೈ, ಬೆಂಗಳೂರುಗಳಲ್ಲಿಯೂ ಗಣಕಶಾಲೆಗಳಿವೆ.

ಗಣಕಯಂತ್ರದ ಒಂದು ಗುಣವನ್ನು ಮೊದಲು ತಿಳಿದುಕೊಳ್ಳಬೇಕು. ನೀರಿನ ಪಂಪು ತಾನು ಕುಡಿದ ವಿದ್ಯುತ್ತಿನ ಬಹುಭಾಗವನ್ನು ನೀರನ್ನು ಮೇಲಕ್ಕೆತ್ತುವುದರಲ್ಲಿ ವ್ಯಯಮಾಡುತ್ತದೆ. ಗಣಕಯಂತ್ರವಾದರೋ ಲೆಕ್ಕವನ್ನು ಮಾಡಿ ಮುಗಿಸಿ, ಕುಡಿದ ವಿದ್ಯುತ್ತನ್ನು ಹೆಚ್ಚು ಕಡಮೆ ಪೂರ್ತಿಯಾಗಿ ಶಾಖದ ರೂಪದಲ್ಲಿ ಹೊರಕ್ಕೆ ಬಿಡುತ್ತದೆ. ಸಾವಿರ ವಾಟು ವಿದ್ಯುತ್ತನ್ನು ಎಳೆಯುವ ಗಣಕವು ಸಾವಿರ ವಾಟಿನ ವಿದ್ಯುತ್ ಒಲೆಯಷ್ಟೇ ಬಿಸಿಯನ್ನು ಹುಟ್ಟಿಸುತ್ತದೆ. ಅಂಥ ಸಾವಿರಾರು ಒಲೆಗಳನ್ನು ಒಂದೇ ಛಾವಣಿಯ ಕೆಳಗೆ ಹಚ್ಚಿಟ್ಟರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು. ಆ ಬಿಸಿಯನ್ನು ಹೊರದೂಡದಿದ್ದರೆ ಯಂತ್ರಗಳು ಸ್ವಲ್ಪ ಹೊತ್ತಿನಲ್ಲಿಯೇ ಕೆಲಸವನ್ನು ನಿಲ್ಲಿಸುತ್ತವೆ. ಹೊರದೂಡುವುದಕ್ಕೆ ಶೈತ್ಯಯಂತ್ರಗಳು ಬೇಕು, ಬೀಸಣಿಗೆಗಳು ಬೇಕು. ಅವುಗಳಿಗೂ ವಿದ್ಯುತ್ತು ಬೇಕು. ಹೀಗೆ ಕೆಲಸಕ್ಕೊಂದು ವೆಚ್ಚ, ಕೆಲಸದಿಂದ ಹುಟ್ಟಿದ ಬಿಸಿಯನ್ನು ಕಳೆಯುವುದಕ್ಕೆ ಇನ್ನೊಂದು ವೆಚ್ಚ.

ಈ ಎರಡನೆಯ ವೆಚ್ಚವನ್ನು ಅಳೆಯುವುದಕ್ಕೆ ೨೦೦೭ರಲ್ಲಿ ಗ್ರೀನ್ ಗ್ರಿಡ್ ಎಂಬ ಒಕ್ಕೂಟವು ಸುಲಭವಾದ ಅಳತೆಯೊಂದನ್ನು ಬಳಕೆಗೆ ತಂದಿತು. ಶಾಲೆಗೆ ಬಂದ ಒಟ್ಟು ವಿದ್ಯುತ್ತನ್ನು ಗಣಕಗಳಿಗೆ ಮುಟ್ಟಿದ ವಿದ್ಯುತ್ತಿನಿಂದ ಭಾಗಿಸಬೇಕು. ಉತ್ತರವು ೧ ಎಂದು ಬಂದರೆ ಬಂದುದೆಲ್ಲವೂ ಕೆಲಸಕ್ಕೇ ಸಂದಿತೆಂದರ್ಥ. ೨ ಎಂದು ಬಂದರೆ ಕೆಲಸಕ್ಕೆ ಒಂದು ರೂಪಾಯಿ, ಮೇಲುವೆಚ್ಚಕ್ಕೆ ಇನ್ನೊಂದು ರೂಪಾಯಿ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಗಣಕಶಾಲೆಗಳವರನ್ನು ವಿಚಾರಿಸಿ ಸರಾಸರಿಯನ್ನು ತೆಗೆಯುತ್ತ ಬಂದಿದೆ. ೨೦೦೭ರಲ್ಲಿ ಅದು ಸುಮಾರು ೨.೫ ಇತ್ತು. ಎಂದರೆ ಒಂದು ರೂಪಾಯಿಯ ಕೆಲಸಕ್ಕೆ ಒಂದೂವರೆ ರೂಪಾಯಿಯ ದಂಡ! ೨೦೧೩ರ ಹೊತ್ತಿಗೆ ಅದು ೧.೬೫ಕ್ಕೆ ಇಳಿಯಿತು. ೨೦೨೪ರಲ್ಲಿ ೧.೫೬ ಆಗಿತ್ತು.

ಅಷ್ಟು ಬೇಗ ಅಷ್ಟೊಂದು ಇಳಿತವಾದುದು ಹೇಗೆ? ಯಾವುದೋ ಮಹಾ ಆವಿಷ್ಕಾರದಿಂದಲ್ಲ. ಹೆಚ್ಚಿನ ಪಾಲು ಮನೆವಾರ್ತೆಯ ಜಾಣತನದಿಂದ. ಹಳೆಯ ಶಾಲೆಗಳಲ್ಲಿ ಶೈತ್ಯಯಂತ್ರದಿಂದ ಬಂದ ತಂಗಾಳಿಯೂ ಗಣಕಗಳ ಬೆನ್ನಿನಿಂದ ಹೊರಟ ಬಿಸಿಗಾಳಿಯೂ ಒಂದೇ ಕೋಣೆಯಲ್ಲಿ ಬೆರೆತುಹೋಗುತ್ತಿದ್ದುವು. ಕುಡಿಯುವ ನೀರಿನ ಹೂಜಿಗೆ ಹಂಡೆಯ ಬಿಸಿನೀರನ್ನು ಸುರಿದು, ಬಳಿಕ ಅದನ್ನು ಮತ್ತೆ ತಣಿಸಲು ಹೆಣಗಿದಂತೆ! ಗಣಕಗಳ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ನಿಲ್ಲಿಸಿ, ಮುಖಗಳ ನಡುವಿನ ಓಣಿಗೆ ತಂಗಾಳಿಯನ್ನೂ ಬೆನ್ನುಗಳ ನಡುವಿನ ಓಣಿಯಿಂದ ಬಿಸಿಗಾಳಿಯನ್ನೂ ಬೇರೆಬೇರೆಯಾಗಿ ಸಾಗಿಸಿದರು. ಕಪಾಟಿನಲ್ಲಿ ಬರಿದಾಗಿದ್ದ ಗೂಡುಗಳಿಗೆ ಹಲಗೆಗಳನ್ನು ಮುಚ್ಚಿದರು. ಪಾತ್ರೆಗೆ ಮುಚ್ಚಳವನ್ನಿಡುವ ಕೆಲಸವೇ ಇದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಯಿತು. ಗಣಕಗಳಿಗೆ ಎಷ್ಟು ಚಳಿಯಾದರೆ ಅಷ್ಟು ಒಳ್ಳೆಯದೆಂದು ಎಲ್ಲರೂ ನಂಬಿದ್ದರು. ಅಮೆರಿಕದ ಶೈತ್ಯಶಿಲ್ಪಿಗಳ ಸಂಘವಾದ ಆಶ್ರೇಯು ೨೦೦೪ರಲ್ಲಿ ೨೦ರಿಂದ ೨೫ ಡಿಗ್ರಿ ಸೆಲ್ಸಿಯಸ್‌ವರೆಗಿನ ಗಾಳಿಯನ್ನು ಯೋಗ್ಯವೆಂದು ಹೇಳಿತ್ತು. ೨೦೦೮ರಲ್ಲಿ ಆ ಮಿತಿಯನ್ನು ೧೮ರಿಂದ ೨೭ ಡಿಗ್ರಿಯವರೆಗೆ ವಿಸ್ತರಿಸಿತು. ಮೇಲಣ ಎರಡು ಡಿಗ್ರಿಯ ಈ ಸಡಿಲಿಕೆಯಿಂದ ಹೊರಗಿನ ಸಹಜವಾದ ಗಾಳಿಯೇ ಸಾಕಾಗುವ ದಿನಗಳು ಎಷ್ಟೋ ಊರುಗಳಲ್ಲಿ ಹೆಚ್ಚಿದುವು. ಬೀಸಣಿಗೆಗಳ ವಿಷಯವೂ ಹೀಗೆಯೇ. ಬೀಸಣಿಗೆಯ ವೇಗವನ್ನು ಅರ್ಧಕ್ಕಿಳಿಸಿದರೆ ಅದಕ್ಕೆ ಬೇಕಾಗುವ ಶಕ್ತಿಯು ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಒಂದು ಬೀಸಣಿಗೆಯನ್ನು ಭರದಿಂದ ತಿರುಗಿಸುವುದಕ್ಕಿಂತ ಎರಡನ್ನು ನಿಧಾನವಾಗಿ ತಿರುಗಿಸುವುದೇ ಲಾಭ.

ಈ ಬುದ್ಧಿಯನ್ನೆಲ್ಲ ಒಂದೆಡೆ ಕೂಡಿಸಿ ಕಟ್ಟಿದ ಶಾಲೆಯೆಂದರೆ ಅಮೆರಿಕದ ಆರೆಗಾನ್ ಸಂಸ್ಥಾನದ ಪ್ರೈನ್‌ವಿಲ್ ಎಂಬ ಸಣ್ಣ ಊರಿನದು. ಅದು ಎತ್ತರದ ಒಣ ಪ್ರದೇಶ, ರಾತ್ರಿಗಳು ತಂಪು. ೨೦೧೧ರಲ್ಲಿ ಫೇಸ್‌ಬುಕ್ ಸಂಸ್ಥೆ ಅಲ್ಲಿ ಶೈತ್ಯಯಂತ್ರವೇ ಇಲ್ಲದ ಗಣಕಶಾಲೆಯನ್ನು ತೆರೆಯಿತು. ಹೊರಗಿನ ಗಾಳಿ ಕಟ್ಟಡದ ಮೇಲ್ಭಾಗದಿಂದ ಒಳಹೊಕ್ಕು, ಶೋಧಕಗಳಲ್ಲಿ ಧೂಳನ್ನು ಕಳೆದುಕೊಂಡು, ಬೇಕಾದಾಗ ನೀರಿನ ತುಂತುರಿನಲ್ಲಿ ತಣಿದು, ತನ್ನ ಭಾರದಿಂದಲೇ ಗಣಕಗಳತ್ತ ಇಳಿಯುತ್ತದೆ. ಗಣಕಗಳ ಅಲಂಕಾರದ ಮುಖಫಲಕಗಳನ್ನು ತೆಗೆದುಹಾಕಿ ದೊಡ್ಡ ಬೀಸಣಿಗೆಗಳನ್ನು ಇಟ್ಟರು. ತಂಬಿಗೆಯ ಹಾಲನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದಷ್ಟೂ ತುಸು ಚೆಲ್ಲುವಂತೆ, ವಿದ್ಯುತ್ತಿನ ಒತ್ತಡವನ್ನು ಬದಲಾಯಿಸಿದಾಗಲೆಲ್ಲ ತುಸು ನಷ್ಟವಾಗುತ್ತದೆ. ಆ ಬದಲಾವಣೆಗಳನ್ನೂ ಕಡಮೆ ಮಾಡಿದರು. ತಮ್ಮ ಹಿಂದಿನ ಶಾಲೆಗಳಿಗಿಂತ ನೂರಕ್ಕೆ ೩೮ ಪಾಲು ಕಡಮೆ ಶಕ್ತಿ ಸಾಕಾಯಿತೆಂದು ಸಂಸ್ಥೆಯವರು ಹೇಳಿದರು. ಆಗ ಅವರು ತಿಳಿಸಿದ ಅಳತೆ ೧.೦೭. ಮೆಚ್ಚತಕ್ಕ ಇನ್ನೊಂದು ಮಾತೆಂದರೆ, ಈ ಗಣಕಗಳ ಮತ್ತು ಕಟ್ಟಡದ ನಕ್ಷೆಗಳನ್ನು ಅವರು ಗುಟ್ಟಾಗಿಡದೆ, ಓಪನ್ ಕಂಪ್ಯೂಟ್ ಎಂಬ ಹೆಸರಿನಿಂದ ಎಲ್ಲರಿಗೂ ಬಿಟ್ಟುಕೊಟ್ಟರು.

ಈ ಪ್ರಯೋಗವು ಎಡವದೆ ಸಾಗಲಿಲ್ಲ. ೨೦೧೧ರ ಬೇಸಗೆಯಲ್ಲಿ ಅಲ್ಲಿಯ ನಿಯಂತ್ರಣ ವ್ಯವಸ್ಥೆ ತಪ್ಪಿ, ಬಿಸಿಗಾಳಿ ಹೊರಹೋಗದೆ ಮತ್ತೆಮತ್ತೆ ತುಂತುರಿನ ಮೂಲಕವೇ ಸುತ್ತತೊಡಗಿತು. ಸುತ್ತಿದಷ್ಟೂ ಅದು ನೀರನ್ನು ಹೀರಿತು. ಕಡೆಗೆ ಗಣಕಗಳ ಮೇಲೆ ಹನಿಗಟ್ಟಿ, ಕೆಲವು ಅಲ್ಲಿಯೇ ಸುಟ್ಟುಹೋದುವು. 'ಮೋಡ'ದೊಳಗೆ ನಿಜವಾದ ಮೋಡವೇ ಮೂಡಿತು! ಸಂಸ್ಥೆಯವರು ಇದನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದರು. ಅನಂತರದ ಗಣಕಗಳಲ್ಲಿ ವಿದ್ಯುತ್ ಪೆಟ್ಟಿಗೆಗಳ ಸುತ್ತ ರಬ್ಬರಿನ ರಕ್ಷೆಯನ್ನು ಹಾಕಿದರು.

ತಂಪಿನ ವೆಚ್ಚ ಇಳಿದರೂ ಗಣಕಗಳ ಸೋಮಾರಿತನ ಉಳಿಯಿತು. ಕೆಲಸವಿಲ್ಲದೆ ಸುಮ್ಮನೆ ಕುಳಿತ ಗಣಕವೂ ಪೂರ್ಣ ದುಡಿತದ ಕಾಲದಲ್ಲಿ ಕುಡಿಯುವ ವಿದ್ಯುತ್ತಿನ ಅರ್ಧದಷ್ಟನ್ನು ಕುಡಿಯುತ್ತಿತ್ತೆಂದು ಗೂಗಲ್ ಸಂಸ್ಥೆಯ ಬರೋಸೊ ಮತ್ತು ಹೋಲ್ಸ್‌ಲೆ ಎಂಬ ಶಿಲ್ಪಿಗಳು ೨೦೦೭ರಲ್ಲಿ ತೋರಿಸಿಕೊಟ್ಟರು. ೨೦೧೫ರಲ್ಲಿ ಜಾನಥನ್ ಕೂಮಿ ಮತ್ತು ಜಾನ್ ಟೇಲರ್ ಎಂಬವರು ಸುಮಾರು ನಾಲ್ಕು ಸಾವಿರ ಗಣಕಗಳನ್ನು ಪರಿಶೀಲಿಸಿದಾಗ, ನೂರಕ್ಕೆ ೩೦ರಷ್ಟು ಆರು ತಿಂಗಳಿಂದ ಯಾವ ಉಪಯುಕ್ತ ಕೆಲಸವನ್ನೂ ಮಾಡಿರಲಿಲ್ಲ. ಜನರಿಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದಂತೆ! ಇದಕ್ಕೂ ಮದ್ದುಂಟು. ಹತ್ತು ಗಣಕಗಳ ಚಿಲ್ಲರೆ ಕೆಲಸವನ್ನು ಒಂದೇ ಗಣಕಕ್ಕೆ ಹಂಚಿ, ಉಳಿದವನ್ನು ಆರಿಸಿಬಿಡುವ ಉಪಾಯವು ಈಗ ಬಹುವಾಗಿ ಬಳಕೆಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು, ಹೊರಮೈಗೆ ಜಿನುಗಿದ ನೀರು ಆವಿಯಾಗಿ ಹೋಗುವುದರಿಂದ. ತುಂತುರಿನಿಂದ ಗಾಳಿಯನ್ನು ತಣಿಸುವ ಶಾಲೆಗಳೂ ಇದೇ ನಿಯಮವನ್ನು ಆಶ್ರಯಿಸಿವೆ. ಒಂದು ಯೂನಿಟ್ಟು ವಿದ್ಯುತ್ತಿನಿಂದ ಹುಟ್ಟಿದ ಶಾಖವನ್ನು ಆವಿಯಾಗುವ ನೀರಿನಿಂದಲೇ ಕಳೆಯಬೇಕಾದರೆ ಸುಮಾರು ಒಂದೂವರೆ ಲೀಟರು ನೀರು ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಉಳಿತಾಯವೆಂದು ಕಾಣುವುದು ನೀರಿನ ಲೆಕ್ಕದಲ್ಲಿ ಖರ್ಚಾಗಿರಬಹುದು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರಿನ ದಾರಿಯನ್ನು ಕಾದ ಬೆಂಗಳೂರಿನ ಸಂಸಾರಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ತಕ್ಕ ಉಪಾಯ ಬೇಕು. ಫಿನ್‌ಲೆಂಡಿನ ಹಾಮಿನಾದಲ್ಲಿ ಗೂಗಲ್ ಸಂಸ್ಥೆ ಹಳೆಯ ಕಾಗದದ ಕಾರ್ಖಾನೆಯೊಂದನ್ನು ಕೊಂಡು, ಅದರ ಸುರಂಗದ ಮೂಲಕ ಸಮುದ್ರದ ತಣ್ಣೀರನ್ನು ತರಿಸಿಕೊಂಡು ೨೦೧೧ರಿಂದ ಯಂತ್ರಗಳನ್ನು ತಣಿಸುತ್ತಿದೆ. ಸ್ವೀಡನಿನ ಸ್ಟಾಕ್‌ಹೋಮಿನಲ್ಲಿ ಗಣಕಶಾಲೆಗಳ ಬಿಸಿಯನ್ನು ಕೊಳವೆಗಳಲ್ಲಿ ಸಾಗಿಸಿ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುತ್ತಾರೆ. ಉಳಿದ ಕೆಂಡದಲ್ಲಿ ಸಾರನ್ನು ಕಾಯಿಸಿದಂತೆಯೇ ಸರಿ. ನಮ್ಮ ಸೆಕೆಯ ನಾಡಿಗೆ ಈ ಎರಡು ದಾರಿಗಳೂ ಸುಲಭವಲ್ಲ. ನಮ್ಮಲ್ಲಿ ಕಟ್ಟುವವರು ನಮ್ಮ ಹವೆಯನ್ನೂ ನೀರನ್ನೂ ನೋಡಿಯೇ ಕಟ್ಟಬೇಕು.

ಇಷ್ಟೆಲ್ಲ ಜಾಣತನದ ಫಲವೇನು? ೨೦೧೦ರಿಂದ ೨೦೧೮ರವರೆಗೆ ಲೋಕದ ಗಣಕಶಾಲೆಗಳು ಮಾಡಿದ ಕೆಲಸವು ಆರುಪಟ್ಟಿಗೂ ಹೆಚ್ಚಾಯಿತು. ಅವು ಕುಡಿದ ವಿದ್ಯುತ್ತು ಮಾತ್ರ ನೂರಕ್ಕೆ ೬ರಷ್ಟೇ ಏರಿತೆಂದು ೨೦೨೦ರಲ್ಲಿ ವಿದ್ವಾಂಸರು ಲೆಕ್ಕ ಹಾಕಿದರು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಉಳಿತಾಯದ ಬೆನ್ನಿನಲ್ಲಿಯೇ ಆಸೆಯೂ ಬೆಳೆಯಿತು. ಕೃತಕ ಬುದ್ಧಿಯ ಯಂತ್ರಗಳು ಬಂದ ಮೇಲಂತೂ ಹಸಿವು ಇನ್ನಷ್ಟು ಹೆಚ್ಚಿದೆ. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ೨೦೨೫ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೪ರಲ್ಲಿ ಲೋಕದ ಗಣಕಶಾಲೆಗಳು ಸುಮಾರು ೪೧,೫೦೦ ಕೋಟಿ ಯೂನಿಟ್ಟುಗಳನ್ನು ಬಳಸಿದುವು. ೨೦೩೦ರ ಹೊತ್ತಿಗೆ ಅದು ೯೪,೫೦೦ ಕೋಟಿಯಷ್ಟಾಗಬಹುದೆಂದು ಅಂದಾಜು. ಐರ್ಲೆಂಡಿನ ಉದಾಹರಣೆ ಇನ್ನೂ ಕಣ್ತೆರೆಸುವಂಥದು. ಅಲ್ಲಿ ಮೀಟರಿನಲ್ಲಿ ಅಳೆದು ಕೊಟ್ಟ ವಿದ್ಯುತ್ತಿನಲ್ಲಿ ೨೦೧೫ರಲ್ಲಿ ಗಣಕಶಾಲೆಗಳ ಪಾಲು ನೂರಕ್ಕೆ ೫. ೨೦೨೩ರಲ್ಲಿ ನೂರಕ್ಕೆ ೨೧. ಅದೇ ವರ್ಷ ಆ ದೇಶದ ಪಟ್ಟಣಗಳ ಮನೆಗಳೆಲ್ಲ ಸೇರಿ ಬಳಸಿದುದು ನೂರಕ್ಕೆ ೧೮ ಮಾತ್ರ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸನು ೧೮೬೫ರಲ್ಲಿಯೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಗುರುತಿಸಿದ್ದನು. ಆವಿಯಂತ್ರಗಳು ಕಡಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ. ಯಂತ್ರ ಓಡಿಸುವುದು ಅಗ್ಗವಾದುದರಿಂದ ಬಳಕೆ ಏರಿತು. ಒಲೆಯನ್ನು ತಿದ್ದಿದ ಗೃಹಿಣಿಯ ಮನೆಯಲ್ಲಿಯೂ, ಸೌದೆ ಉಳಿಯಿತೆಂದು ದಿನವೂ ಹಬ್ಬದಡಿಗೆ ಮಾಡಿದರೆ ಉಳಿದುದೇನು? ಆದುದರಿಂದ ಜಾಣತನದ ಜೊತೆಗೆ ಮಿತಿಯೂ ಬೇಕು.

ಮಿತಿಯನ್ನು ಹಾಕುವವರು ಯಾರು? ಒಬ್ಬರು ಹಳೆಯ ಚಿತ್ರಗಳನ್ನು ಅಳಿಸಿದ ಮಾತ್ರಕ್ಕೆ ಯಾವ ಶಾಲೆಯ ಬಿಸಿಯೂ ಆರದು; ಹಾಗೆ ಹೇಳಿದರೆ ವಾಚಕರಿಗೆ ಮೋಸ ಮಾಡಿದಂತಾದೀತು. ಗೃಹಸ್ಥರ ಬಲವಿರುವುದು ಲೆಕ್ಕವನ್ನು ಕೇಳುವುದರಲ್ಲಿ. ಯೂರೋಪಿನ ಒಕ್ಕೂಟವು ೨೦೨೩ರಲ್ಲಿ ಮಾಡಿದ ಶಾಸನದ ಪ್ರಕಾರ, ೫೦೦ ಕಿಲೋವಾಟಿನ ಮತ್ತು ಅದಕ್ಕೆ ಮೇಲ್ಪಟ್ಟ ಗಣಕಶಾಲೆಗಳು ತಮ್ಮ ಶಕ್ತಿಯ ಮತ್ತು ನೀರಿನ ಬಳಕೆಯನ್ನು ವರದಿ ಮಾಡಬೇಕು. ನಮ್ಮ ಊರಿನ ಅಂಚಿನಲ್ಲಿ ಇಂಥ ಶಾಲೆಯೊಂದು ಏಳುವಾಗ ನಾವೂ ಎರಡು ಪ್ರಶ್ನೆಗಳನ್ನು ಕೇಳಬಹುದು: ವರ್ಷಕ್ಕೆ ಎಷ್ಟು ಯೂನಿಟ್ಟು? ಎಷ್ಟು ಲೀಟರು, ಯಾವ ಕೆರೆಯದು, ಯಾವ ನದಿಯದು? ಶುದ್ಧಿಮಾಡಿದ ಕೊಳಚೆನೀರಿನಲ್ಲಿ ಆಗುವ ಕೆಲಸಕ್ಕೆ ಕುಡಿಯುವ ನೀರನ್ನು ಕೊಡಬಾರದೆಂದೂ ಹೇಳಬಹುದು. ತಿಂಗಳ ಕೊನೆಗೆ ದಿನಸಿಯ ಲೆಕ್ಕವನ್ನು ಸಾಲುಸಾಲಾಗಿ ನೋಡುವ ಮನೆಯೊಡತಿಗೆ ಈ ಪ್ರಶ್ನೆಗಳು ಹೊಸವಲ್ಲ. ಅವನ್ನು ಊರಿನ ಸಭೆಯಲ್ಲಿಯೂ ಕೇಳುವುದನ್ನು ನಾವು ಅಭ್ಯಾಸ ಮಾಡಿಕೊಳ್ಳಬೇಕು.